ಕಾಲಿನ ಬಲ ಅಳೆಯಲು ಒಂದು ಕೊಕ್ಕೆ ತಕ್ಕಡಿ

ಕೋಲಾರದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಎಸಿಎಲ್ (ಮಂಡಿಯೊಳಗೆ ತೊಡೆಮೂಳೆ ಮತ್ತು ಕೆಳಗಾಲಿನ ಮೂಳೆಯನ್ನು ಹಿಡಿದಿಡುವ ಕಟ್ಟು) ಆಪರೇಶನ್ ಮಾಡಿಸಿಕೊಂಡು ಬರುವವರಲ್ಲಿ ಕಬಡ್ಡಿ ಹುಡುಗರೇ ಹೆಚ್ಚು. ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ತಿಂಗಳಿಗೆ ಕೋರ್ಟಿಗೆ ಇಳೀಬೋದು ಸಾರ್?" ತಿಂಗಳು ಮುಖ್ಯವೇ. ಆದರೆ ಕಾಲಿನ ಬಲವನ್ನು ಅಳೆಯದೆ ಬರೀ ಕ್ಯಾಲೆಂಡರ್ ನೋಡಿ ಆಟಕ್ಕೆ ಬಿಡುವುದನ್ನು ನಾನು ಒಪ್ಪುವುದಿಲ್ಲ.

ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್ ತಂಡಗಳು 106 ಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ಒಂಬತ್ತು ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇ 51ರಷ್ಟು ಇಳಿದಿತ್ತು. ಬಲ ಮತ್ತು ಜಿಗಿತದ ಪರೀಕ್ಷೆ ಪಾಸಾಗದೆ ಮರಳಿದವರಲ್ಲಿ ಶೇ 38.2 ಮಂದಿಗೆ ಮತ್ತೆ ಪೆಟ್ಟು. ಪಾಸಾದವರಲ್ಲಿ ಶೇ 5.6 ಮಾತ್ರ. ಈ ಅಂಕಿಗಳನ್ನು ಹುಡುಗರಿಗೂ ಅವರ ಕೋಚ್‌ಗೂ ಕೂರಿಸಿಕೊಂಡು ಹೇಳುತ್ತೇನೆ.

ಬಲ ಅಳೆಯುವ ಐಸೋಕೈನೆಟಿಕ್ ಯಂತ್ರಕ್ಕೆ ಲಕ್ಷಾಂತರ ರೂಪಾಯಿ. ನಾನು ಬಳಸುವುದು ಮೂಟೆ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಎತ್ತರದ ಬೆಂಚಿನ ಮೇಲೆ ಹುಡುಗ ಕೂರಬೇಕು. ಮಂಡಿ 90 ಡಿಗ್ರಿ ಮಡಿಚಿರಬೇಕು. ಹರಡಿನ ಮೇಲೆ ಅಗಲವಾದ ಪಟ್ಟಿ ಕಟ್ಟಿ, ತಕ್ಕಡಿಯ ಒಂದು ಕೊಕ್ಕೆಯನ್ನು ಅದಕ್ಕೆ, ಇನ್ನೊಂದನ್ನು ಹಿಂದಿನ ಗೋಡೆಯ ಬಳೆಗೆ ಸಿಕ್ಕಿಸುತ್ತೇನೆ. ಸರಪಳಿ ಬಿಗಿಯಾದ ಮೇಲೆ ಐದು ಸೆಕೆಂಡು ಕಾಲನ್ನು ಮುಂದಕ್ಕೆ ಒದೆಯುವಂತೆ ಒತ್ತಬೇಕು. ಮೂರು ಸಲ ಮಾಡಿಸಿ ಅತಿ ಹೆಚ್ಚಿನ ಅಂಕಿ ಬರೆದುಕೊಳ್ಳುತ್ತೇನೆ. ಪಟ್ಟಿ ಎರಡು ಸೆಂಟಿಮೀಟರ್ ಮೇಲೆ ಸರಿದರೂ ಅಂಕಿ ಸುಳ್ಳೇ ಹೆಚ್ಚುತ್ತದೆ. ಅದಕ್ಕೇ ಮಂಡಿಯ ಸಂದಿನಿಂದ ಪಟ್ಟಿಯವರೆಗಿನ ದೂರವನ್ನು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದಿಡುತ್ತೇನೆ. ಮುಂದಿನ ಸಲವೂ ಪಟ್ಟಿ ಅಲ್ಲೇ. 90 ಡಿಗ್ರಿಯಲ್ಲಿ ಹೊಸ ಎಸಿಎಲ್ ಮೇಲೆ ಎಳೆತ ತೀರಾ ಕಡಿಮೆ, ಕಾಲು ನೇರವಾಗುತ್ತ ಬಂದಾಗಲೇ ಅದು ಜಾಸ್ತಿ. ಆದರೂ ಸರ್ಜನ್ ಒಪ್ಪದೆ ಅಳೆಯುವುದಿಲ್ಲ.

ಮುಳಬಾಗಿಲು ಕಡೆಯ ಒಬ್ಬ ರೈಡರ್‌ಗೆ ನೋವೇ ಇರಲಿಲ್ಲ, ಓಡುತ್ತಲೂ ಇದ್ದ. ತಕ್ಕಡಿಯಲ್ಲಿ ಒಳ್ಳೆಯ ಕಾಲು 52 ಕೆಜಿ, ಆಪರೇಶನ್ ಆದ ಕಾಲು 31. ಅಂದರೆ ಶೇ 60. ಕನಿಷ್ಠ ಶೇ 90 ಆಗಬೇಕು. ಅಂಕಿ ಕಣ್ಣಿಗೆ ಬಿದ್ದ ಮೇಲೆ ಅವನು ವಾದಕ್ಕೆ ನಿಲ್ಲಲಿಲ್ಲ.

ಮಂಡಿಯಲ್ಲಿ ನೀರು ತುಂಬಿದ್ದರೆ ತೊಡೆಯ ಮುಂಭಾಗದ ಸ್ನಾಯುವಿಗೆ ನರದ ಆಜ್ಞೆಯೇ ಪೂರ್ತಿ ತಲುಪುವುದಿಲ್ಲ. ಮೊದಲು ಊತ ಇಳಿಸಬೇಕು, ಮಂಡಿ ಪೂರ್ತಿ ನೇರವಾಗಬೇಕು. ಬೇಕಾದರೆ ಕರೆಂಟ್ ಇಟ್ಟು ಸ್ನಾಯುವನ್ನು ಎಬ್ಬಿಸುತ್ತೇನೆ. ಆಮೇಲೆ ಭಾರ. ಇಲ್ಲೇ ಮನೆಯವರು ಹೆದರುವುದು. "ಇಷ್ಟು ಭಾರ ಹೊರಿಸಿದ್ರೆ ಒಳಗೆ ಹಾಕಿರೋದು ಕಿತ್ಕೊಳ್ಳಲ್ವಾ ಸಾ?" ಎಂದು ಆ ಹುಡುಗನ ತಾಯಿ ಕೇಳಿದರು. "ಭಾರ ಇಲ್ದೆ ಬಲ ಬರಲ್ಲಮ್ಮ, ಒಂದೇ ಸಲ ಏರಿಸಲ್ಲ" ಎಂದೆ. ಸೈನಿಕರ ಮುರಿದ ತೊಡೆ, ಏಟು ತಿಂದ ಮಂಡಿಗಳಿಗೆ ಹಂತಹಂತವಾಗಿ ಭಾರ ಏರಿಸಿ ಬಲ ತರಬಹುದೆಂದು ಅಮೆರಿಕದ ವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲೇ ಬರೆದಿದ್ದರು. ಇವತ್ತಿಗೂ ಎಷ್ಟೋ ಕಡೆ ಕರೆಂಟ್, ಬಿಸಿ ಶಾಖ, ಅರ್ಧ ಕೆಜಿ ಮರಳುಚೀಲಕ್ಕೇ ಚಿಕಿತ್ಸೆ ಮುಗಿಯುವುದು ನೋಡಿದರೆ ಸಂಕಟವಾಗುತ್ತದೆ.

ಹಳ್ಳಿಯಲ್ಲಿ ಜಿಮ್ ಇಲ್ಲವೆಂದು ನಾನು ಬಿಡುವುದಿಲ್ಲ. ನಮ್ಮ ಕಡೆ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ ಲೆಕ್ಕ. ಅಷ್ಟು ತೂಕದ ಬಾಕ್ಸ್ ಎದೆಗೆ ಅವುಚಿಕೊಂಡು ಒಂಟಿಗಾಲಲ್ಲಿ ಮೆಟ್ಟಿಲು ಹತ್ತಿ, ನಿಧಾನವಾಗಿ ಇಳಿಯುವುದು ಮುಳಬಾಗಿಲಿನ ಹುಡುಗನ ಕಸರತ್ತು. ಎಂಟು ಸಲಕ್ಕೆ ತೊಡೆ ಸೋಲುವಂತಿರಬೇಕು. ಹನ್ನೆರಡು ಸಲೀಸಾದರೆ ಭಾರ ಸಾಲದು. ವಾರಕ್ಕೆ ಮೂರು ದಿನ. ಮರುದಿನ ಮಂಡಿ ಊದಿಕೊಂಡರೆ ಭಾರ ಒಂದು ಹಂತ ಹಿಂದಕ್ಕೆ.

ಹಿಂದೊಡೆಯಿಂದ ತಂತು ತೆಗೆದು ಎಸಿಎಲ್ ಕಟ್ಟಿದ್ದರೆ ಮಂಡಿ ಮಡಿಚುವ ಬಲವನ್ನೂ ಬೇರೆಯಾಗಿ ಅಳೆಯಬೇಕು. ಕಬಡ್ಡಿಯಲ್ಲಿ ಹರಡು ಹಿಡಿದಾಗ ಎಳೆದು ಬಿಡಿಸಿಕೊಳ್ಳುವುದು ಆ ಸ್ನಾಯುಗಳಿಂದಲೇ.

ಇನ್ನೊಂದು ಮಾತು. ತಿಂಗಳುಗಟ್ಟಲೆ ಆಟ ಬಿಟ್ಟಾಗ ಒಳ್ಳೆಯ ಕಾಲೂ ಸೊರಗುತ್ತದೆ. ಆಗ ಎರಡೂ ಕಾಲು ಸಮ ಬಂದರೂ ಅದು ಕೊರತೆಯ ಸಮ. ಹಾಗಾಗಿ ಆಪರೇಶನ್‌ಗೆ ಮೊದಲೇ ಬಂದವರ ಒಳ್ಳೆಯ ಕಾಲನ್ನು ಆಗಲೇ ಅಳೆದು, ಕೊನೆಯವರೆಗೂ ಅದೇ ಅಂಕಿಗೆ ಹೋಲಿಸುತ್ತೇನೆ. ಮುಳಬಾಗಿಲಿನ ಹುಡುಗನ 52 ಅಂಥದ್ದೇ. ಈಗ ಅವನ ಕಾಲು 48 ಮುಟ್ಟಿದೆ, ಒಂಬತ್ತು ತಿಂಗಳೂ ದಾಟಿದೆ. ಜಿಗಿತದ ಪರೀಕ್ಷೆ ಬಾಕಿ. ಅದು ಪಾಸಾದರೆ ಮೊದಲು ಯಾರೂ ಹಿಡಿಯದಂತೆ ಬರೀ ರೈಡಿಂಗ್ ಅಭ್ಯಾಸ, ಹಿಡಿತ ಆಮೇಲೆ.