ಕಟ್ಟು ನೀರಿನ ಲೆಕ್ಕದಲ್ಲಿ ಬರವಣಿಗೆ

2018ರ ದಸರಾಕ್ಕೆ ಹತ್ತು ದಿನ, ಹತ್ತು ಲೇಖನ ಅಂತ ಊರಿಗೆಲ್ಲ ಹೇಳಿಕೊಂಡು ಕೂತಿದ್ದೆ. ಮನೆ ಮಂಡ್ಯದಲ್ಲಿ, ಲೆಕ್ಕಪತ್ರದ ಕೆಲಸ ಮೈಸೂರಿನಲ್ಲಿ, ನಡುವೆ ರೈಲು. ಅದಕ್ಕೂ ಒಂದು ವರ್ಷ ಮೊದಲಿಂದ ನಮ್ಮ ಸೀಮೆಯ ಕೆರೆ, ಗುಡಿ, ಹಬ್ಬ, ತಿಂಡಿ ಅಂತ ವಾರಕ್ಕೆ ಮೂರು ಬ್ಲಾಗು ಬರಹ ಹಾಕುತ್ತಿದ್ದೆ. ಓದಿದವರು ಚೆನ್ನಾಗಿದೆ ಅಂದರು. ಚೆನ್ನಾಗಿದೆ ಅನ್ನಿಸಿಕೊಳ್ಳುವ ಚಟ ಎಲೆ ಅಡಿಕೆಗಿಂತ ಬೇಗ ಹತ್ತುತ್ತೆ.

ಮೊದಲ ಮೂರು ದಿನ ಸಲೀಸಾಗಿ ಹೋಯಿತು. ದಸರಾ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ ಕಾಲಕ್ಕೆ ಶುರುವಾದದ್ದು, ಬೊಂಬೆ ಕೂರಿಸುವ ಬಗೆ, ದೀಪಾಲಂಕಾರ. ಐದನೇ ದಿನಕ್ಕೆ ಸರಕು ಮುಗಿಯಿತು. ಏಳನೇ ದಿನ ಬರೆದದ್ದನ್ನು ಈಗ ಓದಿದರೆ ನನಗೇ ನಾಚಿಕೆ. ಎಲ್ಲರೂ ಎಲ್ಲ ವರ್ಷವೂ ಬರೆಯುವ ಅದೇ ನಾಲ್ಕು ಮಾತು. ತಮಾಷೆ ಏನೆಂದರೆ, ದಿನಾ ಮೈಸೂರಿಗೆ ಹೋಗಿ ಬರುತ್ತಿದ್ದವನು ಆ ಹತ್ತು ದಿನದಲ್ಲಿ ದಸರಾ ಅಂತ ಕಣ್ಣಾರೆ ನೋಡಿದ್ದು ಎರಡೇ ಸಲ. ಉಳಿದದ್ದೆಲ್ಲ ಫೋನಿನಲ್ಲಿ ನೋಡಿ ಬರೆದದ್ದು. ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಅಕ್ಕನ ಜೊತೆ ಜಂಬೂಸವಾರಿಗೆ ಹೋದಳು. ನಾನು ಮನೆಯಲ್ಲಿ ಕೂತು ಜಂಬೂಸವಾರಿಯ ಬಗ್ಗೆ ಬರೆದೆ.

ನಿಲ್ಲಿಸಬೇಕು ಅಂತ ಆಗಲೂ ಅನ್ನಿಸಲಿಲ್ಲ. ಬದಲಿಗೆ ಬೆಳಗಿನ ಜಾವ ನಾಲ್ಕಕ್ಕೆ ಏಳಲು ಶುರುಮಾಡಿದೆ. ಹನ್ನೆರಡು ದಿನ ಎದ್ದೆ. ಹದಿಮೂರನೇ ದಿನ ಚಾಮರಾಜನಗರದ ಗಾಡಿಯಲ್ಲಿ ಕಣ್ಣು ಬಿಟ್ಟಾಗ ಮೈಸೂರು ಹಿಂದೆ ಹೋಗಿ ನಂಜನಗೂಡು ಬಂದಿತ್ತು. ಅಲ್ಲಿಂದ ಬಸ್ಸು ಹಿಡಿದು ಕಚೇರಿಗೆ ಹೋಗಿ ಹೇಳಿದ ಸುಳ್ಳು ಇಲ್ಲಿ ಬೇಡ.

ನಿಜವಾಗಿ ಕೈ ಕಟ್ಟಿದ್ದು ಒಂದು ಫೋನು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಮದ್ದೂರಿನ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹದ ಬಗ್ಗೆ ಒಂದೇ ರಾತ್ರಿಯಲ್ಲಿ ಬರೆದು ಹಾಕಿದ್ದೆ. ಮದ್ದೂರಿನ ಕಡೆಯ ಹಿರಿಯರೊಬ್ಬರು ಯಾರಿಂದಲೋ ನಂಬರು ಪಡೆದು ಕರೆ ಮಾಡಿದರು. "ಬಾವುಟ ಏರ್ಸಿದ್ದು ಮೂವತ್ತೆಂಟ್ನೇ ಇಸ್ವಿ ಏಪ್ರಿಲ್‌ನಲ್ಲಿ. ನೀನು ಮೂವತ್ತೊಂಬತ್ತು ಅಂತ ಬರ್ದಿದ್ದೀಯ. ಅದು ಜಿಲ್ಲೆ ಆದ ವರ್ಷ ಕಣಪ್ಪ" ಅಂದರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗಿ ಮರೆಯುತ್ತಿದ್ದೆ. ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆಯಾದದ್ದು 1939ರಲ್ಲಿ ಅನ್ನುವುದು ನನಗೆ ಬಾಯಿಪಾಠ; ನಿದ್ದೆಗಣ್ಣಿನಲ್ಲಿ ಕೈ ಆ ಇಸವಿಯನ್ನೇ ಹೊಡೆದಿತ್ತು. ಇಸವಿ ತಿದ್ದಿ ಲ್ಯಾಪ್‌ಟಾಪ್ ಮುಚ್ಚಿದವನು ನಾಲ್ಕು ತಿಂಗಳು ತೆರೆಯಲಿಲ್ಲ.

ಆ ಖಾಲಿ ತಿಂಗಳುಗಳಲ್ಲಿ ಭಾನುವಾರ ಊರಿಗೆ ಹೋಗುತ್ತಿದ್ದೆ. ನಮ್ಮ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಒಂದು ಕಿರುನಾಲೆಯ ಕೊನೆಯಲ್ಲಿದೆ. ಅಲ್ಲಿಗೆ ನೀರು ಬರುವುದು ಕಟ್ಟು ಪದ್ಧತಿಯಲ್ಲಿ: ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ನೀರು ನಿಂತ ದಿನ ನಾನು ಅಪ್ಪನಿಗೆ ಸಮಾಧಾನ ಹೇಳುವವನ ಹಾಗೆ, ದಿನಾ ಬಿಟ್ಟಿದ್ದರೆ ಒಳ್ಳೆಯದಿತ್ತಲ್ಲ ಅಂದೆ. ಅಪ್ಪ ಬದದ ಮೇಲೆ ನಿಂತು ನಕ್ಕರು. "ದಿನಾ ಬುಟ್ರೆ ಕಳೆ ಯಾವಾಗ ಕೀಳಾದು, ಗೊಬ್ರ ಯಾವಾಗ ಎರ್ಚಾದು? ಹರಿಯೋ ನೀರ್ಗೆ ಯೂರಿಯಾ ಹಾಕುದ್ರೆ ಪಕ್ಕದವನ್ ಗದ್ದೆಗೆ ಹೋಯ್ತದೆ ಕಣ್ಲಾ."

ಅಪ್ಪ ಹೇಳಿದ್ದು ಗೊಬ್ಬರದ ಮಾತು, ಅಷ್ಟೇ. ನಾನು ಅದನ್ನು ರೈಲಿನವರೆಗೂ ಹೊತ್ತುಕೊಂಡು ಬಂದೆ.

ಆ ವಾರವೇ ಲೆಕ್ಕ ಹಾಕಿದೆ. ಕಚೇರಿಯಲ್ಲಿ ಎಲ್ಲರ ಲೆಕ್ಕ ಬರೆಯುವವನು ನನ್ನದನ್ನು ಬರೆದಿರಲಿಲ್ಲ. ಒಂದು ಬರಹಕ್ಕೆ ಜಾಗಕ್ಕೆ ಹೋಗಿ ಬರಲು ಮೂರು ಗಂಟೆ, ಬರೆಯಲು ನಾಲ್ಕು, ಇಸವಿ ಹೆಸರುಗಳನ್ನು ತಾಳೆ ನೋಡಲು ಎರಡು, ಚಿತ್ರ ಜೋಡಿಸಲು ಒಂದು, ಒಟ್ಟು ಹತ್ತು. ನನ್ನ ಕೈಯಲ್ಲಿರುವುದು ಭಾನುವಾರ ಬೆಳಗಿನ ಮೂರು ಗಂಟೆ, ಮತ್ತೆ ರೈಲಿನಲ್ಲಿ ಸೀಟು ಸಿಕ್ಕ ದಿನಗಳದ್ದೆಲ್ಲ ಕೂಡಿಸಿದರೆ ವಾರಕ್ಕೆ ಎರಡು. (ನಿಂತುಕೊಂಡು ಬರೆಯಲು ನೋಡಿದ್ದೇನೆ, ಶ್ರೀರಂಗಪಟ್ಟಣದಲ್ಲಿ ಹತ್ತುವ ಜನ ಬಿಡುವುದಿಲ್ಲ.) ವಾರಕ್ಕೆ ಐದು, ತಿಂಗಳಿಗೆ ಇಪ್ಪತ್ತು ಗಂಟೆ. ಅಂದರೆ ತಿಂಗಳಿಗೆ ಎರಡೇ ಬರಹ. ನಾನು ಹೊರಟಿದ್ದು ಹನ್ನೆರಡಕ್ಕೆ. ಬಾಕಿ ನೂರು ಗಂಟೆಯನ್ನು ನಿದ್ದೆಯಿಂದ, ಮಗಳಿಂದ, ತಾಳೆ ನೋಡುವ ಕೆಲಸದಿಂದ ಕದ್ದಿದ್ದೆ. ಇಂಥ ಪುಸ್ತಕ ಯಾರಾದರೂ ಕಚೇರಿಗೆ ತಂದರೆ ನಾನು ಸಹಿ ಹಾಕುವುದಿಲ್ಲ.

ಅಲ್ಲಿಂದ ಹದಿನೈದು ದಿನ ನೀರು, ಹದಿನೈದು ದಿನ ಕಟ್ಟು ಅಂತ ಮಾಡಿಕೊಂಡೆ. ನೀರಿನ ಪಾಳಿಯಲ್ಲಿ ಕೂತು ಎರಡು ಬರಹ ಬರೆಯುತ್ತೇನೆ. ಕಟ್ಟಿನ ಪಾಳಿಯಲ್ಲಿ ಕೀಲಿಮಣೆ ಮುಟ್ಟುವುದಿಲ್ಲ. ಓಡಾಡುತ್ತೇನೆ, ಜನರನ್ನು ಮಾತಾಡಿಸುತ್ತೇನೆ, ಗ್ರಂಥಾಲಯದಲ್ಲಿ ಹಳೆಯ ಗ್ಯಾಸೆಟಿಯರ್ ತಿರುವುತ್ತೇನೆ, ಬರೆದಿಟ್ಟದ್ದರ ಕಳೆ ಕೀಳುತ್ತೇನೆ. ಶುರುವಿನಲ್ಲಿ ಈ ಪಾಳಿಯೇ ಕಷ್ಟವಾಯಿತು. ಬರೆಯದ ದಿನ ಸೋಮಾರಿ ದಿನ ಅನ್ನುವ ಅಳುಕು ಆರು ತಿಂಗಳು ಬಿಡಲಿಲ್ಲ. ಆದರೆ ಕೊಕ್ಕರೆ ಬೆಳ್ಳೂರಿಗೆ ಹೋಗಿ ಒಂದಿಡೀ ಬೆಳಗ್ಗೆ ಸುಮ್ಮನೆ ಹುಣಸೆಮರದ ಕೆಳಗೆ ಕೂತು, ಮೇಲೆ ಹೆಜ್ಜಾರ್ಲೆ (ಪೆಲಿಕನ್) ಮರಿಗಳ ಗದ್ದಲ ಕೇಳಿದ್ದು ಇಂಥ ಪಾಳಿಯಲ್ಲೇ. ಮುಂಚಿನ ಹಾಗಿದ್ದರೆ ಹತ್ತು ನಿಮಿಷದಲ್ಲಿ ಆರು ಫೋಟೋ ಹೊಡೆದು ಮದ್ದೂರು ವಡೆ ತಿಂದು ವಾಪಸ್ಸಾಗುತ್ತಿದ್ದೆ.

ಇನ್ನೊಂದು ಮಾಡಿದ್ದು ಹಗೇವು. ನಮ್ಮ ಕಡೆ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಮುಚ್ಚುತ್ತಿದ್ದರು, ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ದಿನಾಂಕದ ಹಂಗಿಲ್ಲದ ನಾಲ್ಕು ಬರಹ ಸದಾ ಸಿದ್ಧವಾಗಿ ಇರಲಿ ಅಂತ ಲ್ಯಾಪ್‌ಟಾಪಿನಲ್ಲಿ ಆ ಹೆಸರಿನ ಒಂದು ಫೋಲ್ಡರು ಇಟ್ಟೆ. ಜ್ವರ ಬಂದಾಗ, ನೆಂಟರು ಬಂದಾಗ ಅಲ್ಲಿಂದ ಒಂದು ಹೊರಬರುತ್ತದೆ. ಹಗೇವು ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೋಗಲಿ ಅಂತ ಬಾಯಿ ತೆರೆದಿಟ್ಟು ಕಾಯುತ್ತಿದ್ದರು. ನಾನೂ ಹಳೆಯ ಬರಹ ತೆಗೆದು ಎರಡು ದಿನ ಬಿಟ್ಟು ಓದುತ್ತೇನೆ. ಎಷ್ಟೋ ಸಲ ಮೊದಲ ಪ್ಯಾರಾ ಹಾರಿಹೋಗುತ್ತದೆ.

ಮಾರ್ಚ್ ತಿಂಗಳು ಮಾತ್ರ ಬಹಳ ದಿನ ಬಗೆಹರಿಯಲಿಲ್ಲ. ಲೆಕ್ಕದವನಿಗೆ ಅದು ವರ್ಷದ ಕೊನೆ, ರಾತ್ರಿ ಒಂಬತ್ತರ ಗಾಡಿ. ಮೇಲುಕೋಟೆಯ ವೈರಮುಡಿ, ಅಂದರೆ ದೇವರಿಗೆ ವಜ್ರದ ಕಿರೀಟ ತೊಡಿಸುವ ಹಬ್ಬ, ಬರುವುದೂ ಅದರ ಆಸುಪಾಸಿನಲ್ಲೇ. ಬರೆಯದೆ ಇರಲಾರೆ, ಬರೆಯಲು ಹೊತ್ತಿಲ್ಲ. ಕೊನೆಗೆ ಸಿಕ್ಕ ಉಪಾಯ ಇಷ್ಟು: ಈ ವರ್ಷ ನೋಡಿದ್ದನ್ನು ಮುಂದಿನ ವರ್ಷ ಹಾಕುವುದು. ಮಂಡ್ಯದ ಖಜಾನೆಯಿಂದ ಕಿರೀಟದ ಪೆಟ್ಟಿಗೆ ಹೊರಟು ಮೇಲುಕೋಟೆ ಸೇರುವ ದಾರಿಯಲ್ಲಿ ಯಾವುದಾದರೂ ಒಂದು ಹಳ್ಳಿಯ ರಸ್ತೆಬದಿಗೆ ನಿಲ್ಲುತ್ತೇನೆ. ತೋರಣ ಯಾರು ಕಟ್ಟಿದರು, ಪಾನಕ ಯಾರು ಹಂಚಿದರು, ಪೆಟ್ಟಿಗೆ ಬಂದಾಗ ಮುದುಕಿಯರು ಏನಂದರು, ಅಷ್ಟನ್ನು ನೋಟ್‌ಬುಕ್ಕಿನಲ್ಲಿ ಗೀಚಿ ಕಚೇರಿಗೆ ಓಡುತ್ತೇನೆ. ಮಳೆಗಾಲದಲ್ಲಿ ನಿಧಾನವಾಗಿ ಬರೆಯುತ್ತೇನೆ. ಮುಂದಿನ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಹಾಕಿದರೆ ಹೋಗುವವರಿಗೂ ಉಪಯೋಗ. ಹಬ್ಬದ ದಿನವೇ ಹಾಕಿದರೆ ಹಬ್ಬಕ್ಕೆ ಹೋದವರು ಓದುವುದಾದರೂ ಯಾವಾಗ?

ನಷ್ಟ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಓದುಗರ ಸಂಖ್ಯೆ ಮೊದಲ ವರ್ಷ ಅರ್ಧಕ್ಕೆ ಇಳಿಯಿತು. ದಿನಾ ಬರೆಯುವವರು ನನ್ನನ್ನು ದಾಟಿ ಹೋದರು, ಅದು ಈಗಲೂ ಒಂದೊಂದು ಸಂಜೆ ಚುಚ್ಚುತ್ತದೆ. ಸಂಖ್ಯೆ ತೋರಿಸುವ ಆ್ಯಪನ್ನು ಫೋನಿನಿಂದ ತೆಗೆದೆ. ತಿಂಗಳಿಗೊಮ್ಮೆ ಲ್ಯಾಪ್‌ಟಾಪಿನಲ್ಲಿ ನೋಡುತ್ತೇನೆ, ವಿದ್ಯುತ್ ಬಿಲ್ಲು ನೋಡಿದ ಹಾಗೆ.

2023ರಲ್ಲಿ ನಮ್ಮ ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಲಿಲ್ಲ. ಕಟ್ಟೆ ತುಂಬಿದ ಮಟ್ಟದ 124.80 ಅಡಿಯ ಗುರುತು ದೂರವೇ ಉಳಿಯಿತು, ಬೇಸಿಗೆಗೆ ಗದ್ದೆ ಬೀಳುಬಿದ್ದಿತು. ಅದೇ ಹೊತ್ತಿಗೆ ಅಪ್ಪನಿಗೆ ಮಂಡಿ ಚಿಕಿತ್ಸೆ. ಆ ವರ್ಷ ನಾನು ಹಾಕಿದ್ದು ಆರೇ ಬರಹ, ಅದರಲ್ಲಿ ನಾಲ್ಕು ಹಗೇವಿನಿಂದ. ಹಿಂದಿನ ನಾನಾಗಿದ್ದರೆ ಕ್ಷಮೆ ಕೇಳಿ ಉದ್ದದ ಟಿಪ್ಪಣಿ ಬರೆಯುತ್ತಿದ್ದೆ. ಈ ಸಲ ಒಂದೇ ಸಾಲು ಹಾಕಿದೆ: ನೀರಿಲ್ಲ, ಮಳೆಗೆ ಕಾಯುತ್ತಿದ್ದೇನೆ. ಶಿವಪುರದ ಇಸವಿ ತಿದ್ದಿದ ಹಿರಿಯರು ಅದನ್ನು ನೋಡಿ ಫೋನು ಮಾಡಿ, ಇಸವಿಯ ಮಾತೇ ಎತ್ತದೆ, ಅಪ್ಪನ ಮಂಡಿಯ ಬಗ್ಗೆ ಅರ್ಧ ಗಂಟೆ ವಿಚಾರಿಸಿದರು.

ಈಗ ನೀರಿನ ಪಾಳಿಯ ಒಂಬತ್ತನೇ ದಿನ. ಒಂದು ಬರಹ ಮುಗಿದಿದೆ, ಇನ್ನೊಂದರಲ್ಲಿ ಒಂದು ಊರಿನ ಹೆಸರು ತಾಳೆಯಾಗುತ್ತಿಲ್ಲ. ಭಾನುವಾರ ಮದ್ದೂರಿಗೆ ಹೋಗಿ ಅವರನ್ನೇ ಕೇಳಬೇಕು.