ಕೇಮನ್ ವರ್ಕ್ ಪರ್ಮಿಟ್: ನಾನು ಕಾಗದ ಹೊಂದಿಸಿದ ಬಗೆ

ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪಗಳಲ್ಲಿ ಕೆಲಸ ಮಾಡಲು ಬೇಕಾದ ಪರ್ಮಿಟ್‌ಗೆ ಅರ್ಜಿ ಹಾಕುವುದು ಕೆಲಸ ಕೊಡುವ ಕಂಪನಿ, ನಾವಲ್ಲ. ಹುದ್ದೆಗೆ ಮೊದಲು ಅಲ್ಲಿನವರನ್ನು ಕರೆದು ಜಾಹೀರಾತು ಕೊಡಬೇಕು, ಆಮೇಲೆ ಪರ್ಮಿಟ್ ಕೊಡುವ ಅಲ್ಲಿನ ಸರ್ಕಾರಿ ಇಲಾಖೆ ಡಬ್ಲ್ಯು.ಒ.ಆರ್.ಸಿ.ಗೆ ಅರ್ಜಿ. ಫೀಸೂ ಕಂಪನಿಯದೇ, ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. 'ಪರ್ಮಿಟ್ ಫೀಸ್' ಅಂತ ಇಲ್ಲೇ ಲಕ್ಷಗಟ್ಟಲೆ ಕೇಳುವ ಏಜೆಂಟರ ಸಹವಾಸ ಬೇಡ.

ನಮ್ಮ ಪಾಲಿಗೆ ಬರುವುದು ಕಾಗದ ಪತ್ರ. ಪೊಲೀಸ್ ಕ್ಲಿಯರೆನ್ಸ್, ಅಂದರೆ ನಮ್ಮ ಮೇಲೆ ಅಪರಾಧದ ದಾಖಲೆ ಇಲ್ಲ ಎನ್ನುವ ಪತ್ರ, ಆರು ತಿಂಗಳಿಗಿಂತ ಹಳೆಯದಾಗಿರಬಾರದು, ಆದ್ದರಿಂದ ಆಫರ್ ಲೆಟರ್ ಕೈಗೆ ಬರುವ ಮೊದಲೇ ಅದನ್ನು ಮಾಡಿಸಿದರೆ ದುಡ್ಡು ದಂಡ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ 500 ರೂಪಾಯಿ ಕಟ್ಟಿ ದಿನ ಗೊತ್ತುಮಾಡಿಕೊಳ್ಳಬೇಕು. ಪಾಸ್‌ಪೋರ್ಟ್‌ನಲ್ಲಿ ಊರಿನ ವಿಳಾಸ, ವಾಸ ಬೆಂಗಳೂರಿನ ಬಾಡಿಗೆ ಮನೆ ಎಂದಾದರೆ ಠಾಣೆಯ ವಿಚಾರಣೆಗೆ ಸಮಯ ಹಿಡಿಯುತ್ತದೆ. ಬಾಡಿಗೆ ಕರಾರು ಕೈಯಲ್ಲಿರಲಿ.

ವೈದ್ಯಕೀಯ ಫಾರಂ ಜೊತೆ ಎಚ್‌ಐವಿ ಮತ್ತು ವಿಡಿಆರ್‌ಎಲ್ (ಸಿಫಿಲಿಸ್ ಪತ್ತೆಯ) ರಕ್ತಪರೀಕ್ಷೆ, ಎದೆಯ ಎಕ್ಸ್-ರೇ ಕೇಳುತ್ತಾರೆ. ಲ್ಯಾಬ್ ವರದಿಯಲ್ಲಿ ಪಾಸ್‌ಪೋರ್ಟ್‌ನ ಪೂರ್ತಿ ಹೆಸರನ್ನೇ ಬರೆಸಿ. ಫೋಟೊ ಎರಡು ಬಗೆ: ಒಂದು ನೇರ ಮುಖ, ಇನ್ನೊಂದು ಪಕ್ಕದಿಂದ ತೆಗೆದದ್ದು. ಸ್ಟುಡಿಯೊದವರಿಗೆ ಈ ಎರಡನೆಯದರ ಅಭ್ಯಾಸ ಇಲ್ಲ, ಅರ್ಧ ತಿರುಗಿಸಿ ಕ್ಲಿಕ್ ಮಾಡಿಬಿಡುತ್ತಾರೆ. ಪೂರ್ತಿ ಪಕ್ಕಕ್ಕೆ ತಿರುಗಿ, ಕಿವಿ ಕಾಣುವಂತೆ ಕೂದಲು ಹಿಂದಕ್ಕೆ ಹಾಕಿಕೊಳ್ಳಿ.

ನಮ್ಮ ಕಡೆಯವರಿಗೆ ನಿಜವಾದ ತೊಡಕು ಇನಿಷಿಯಲ್. ಅಂಕಪಟ್ಟಿಯಲ್ಲಿ 'ಎಚ್.ಕೆ.' ಅಂತಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಬಿಡಿಸಿರುತ್ತದೆ, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಅರ್ಜಿ ನೋಡುವವರ ಕಣ್ಣಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. 'ಎರಡೂ ಹೆಸರಿನ ವ್ಯಕ್ತಿ ಒಬ್ಬನೇ' ಎಂದು ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಅಫಿಡವಿಟ್ ಬರೆಸಿ, ನೋಟರಿ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಪದವಿ ಪ್ರಮಾಣಪತ್ರದ ಜೊತೆಗೇ ಕಳಿಸಿದೆ. ಅವರು ಕೇಳಲಿ ಅಂತ ಕಾಯುವುದು ದಂಡ. ಅಲ್ಲಿಂದ ಪ್ರಶ್ನೆ ಬಂದು, ಇಲ್ಲಿಂದ ಉತ್ತರ ಹೋಗುವಷ್ಟರಲ್ಲಿ ಕ್ಲಿಯರೆನ್ಸ್‌ನ ಗಡುವು ಕರಗುತ್ತಿರುತ್ತದೆ.

ಸಂಬಳ ಯಾವ ಡಾಲರ್‌ನಲ್ಲಿ ಅಂತ ಆಫರ್‌ನಲ್ಲಿ ನೋಡಿಕೊಳ್ಳಿ. ಒಂದು ಕೇಮನ್ ಡಾಲರ್ ಅಂದರೆ 1.20 ಅಮೆರಿಕನ್ ಡಾಲರ್, ವ್ಯತ್ಯಾಸ ಸಣ್ಣದಲ್ಲ. ಆದಾಯ ತೆರಿಗೆ ಇಲ್ಲ ನಿಜ, ಆದರೆ ಅಂಗಡಿಯ ಬೆಲೆ ನೋಡಿದರೆ ಆ ಖುಷಿ ಅರ್ಧ ಇಳಿಯುತ್ತದೆ. ಪರ್ಮಿಟ್ ಆ ಕಂಪನಿಗೂ ಆ ಹುದ್ದೆಗೂ ಮಾತ್ರ, ಸಂಜೆ ಹೊತ್ತು ಬೇರೆ ಕಡೆ ದುಡಿಯುವಂತಿಲ್ಲ.

ಒಪ್ಪಿಗೆ ಪತ್ರ ಬಂದ ಕೂಡಲೇ ಟಿಕೆಟ್ ತೆಗೆಯಬೇಡಿ. ಮಯಾಮಿ ಮೂಲಕ ಹೋಗುವುದಾದರೆ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅಮೆರಿಕದ ಸಿ-1 ವೀಸಾ (ದಾರಿಯಲ್ಲಿ ಹಾದುಹೋಗುವವರಿಗೆ ಕೊಡುವ ಟ್ರಾನ್ಸಿಟ್ ವೀಸಾ) ಬೇಕು, ಅದರ ಸಂದರ್ಶನದ ದಿನ ಸಿಗುವುದೇ ಕಷ್ಟ. ದಾರಿ ಯಾವುದೆಂದು ಅರ್ಜಿ ಹಾಕುವಾಗಲೇ ಕಂಪನಿಯವರ ಹತ್ತಿರ ಮಾತಾಡಿಟ್ಟುಕೊಳ್ಳಿ.