ತಾಳವಾಡಿಗೆ ಬಂದ ಹೊಸಬರೇ, ಎರಡನೆಯ ಜಿಂಕೆಗೆ ಕಾಯಿರಿ

ಹೋದ ತಿಂಗಳು ಒಂದು ಸೋಮವಾರ ನಾನು ಅಂಗಡಿಯ ಶಟರ್ ಎತ್ತುವ ಮೊದಲೇ ಹುಡುಗನೊಬ್ಬ ಬೈಕು ತಳ್ಳಿಕೊಂಡು ಬಂದು ನಿಂತಿದ್ದ. ಕರ್ನಾಟಕದ ನಂಬರು. ಬ್ಯಾಂಕಿಗೆ ವರ್ಗವಾಗಿ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಹೆಡ್‌ಲೈಟು ಪುಡಿಯಾಗಿತ್ತು, ಹ್ಯಾಂಡಲ್ ಬಲಕ್ಕೆ ಸೊಟ್ಟಗಾಗಿತ್ತು, ಮೊಣಕೈ ತರಚಿತ್ತು. "ನಾಯಿ ಅಡ್ಡ ಬಂತು" ಎಂದ. ನಾನು ಮಾತಾಡದೆ ಮುಂದಿನ ಫೋರ್ಕಿನ ಸಂದಿಗೆ ಕೈ ಹಾಕಿ ಅಲ್ಲಿ ಸಿಕ್ಕಿಕೊಂಡಿದ್ದ ನಾಲ್ಕು ಕಂದು ಕೂದಲು ಕಿತ್ತೆ. ಬೆರಳಿಗೆ ಸುತ್ತಿ ಮಡಿಸಿದೆ. ನಾಯಿಯ ಕೂದಲಾದರೆ ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ಜಿಂಕೆಯದು ಒಳಗೆ ಟೊಳ್ಳು, ಒಣಹುಲ್ಲಿನ ಕಡ್ಡಿಯ ಹಾಗೆ ಮಡಿಸಿದಲ್ಲೇ ಮುರುಕಾಗಿ ನಿಲ್ಲುತ್ತದೆ. "ಈ ನಾಯಿಗೆ ಚುಕ್ಕಿ ಇತ್ತೇ?" ಎಂದು ಕೇಳಿದೆ. ತಲೆ ತಗ್ಗಿಸಿದ. ಅರಣ್ಯ ಇಲಾಖೆಯವರು ಕೇಸು ಹಾಕುತ್ತಾರೆಂದು ಯಾರೋ ಹೆದರಿಸಿದ್ದರಂತೆ.

ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಎಲ್ಲ ಹೊಸಬರಿಗೂ ಬರೆಯುತ್ತಿದ್ದೇನೆ. ನಾನು ನಂಜನಗೂಡಿನ ಕಡೆಯವನು, ತಾಳವಾಡಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಡಿನ ವಿಷಯದಲ್ಲಿ ಪಂಡಿತನಲ್ಲ. ಆದರೆ ಕಾಡಿಗೆ ಡಿಕ್ಕಿ ಹೊಡೆದ ಬೈಕುಗಳನ್ನು ಸಾಕಷ್ಟು ಬಿಚ್ಚಿದ್ದೇನೆ.

ಮೊದಲು ಊರಿನ ಸ್ಥಿತಿ ತಿಳಿಯಿರಿ. ತಾಳವಾಡಿಯಲ್ಲಿ ಕನ್ನಡ ಕೇಳಿ, ಕನ್ನಡ ಬೋರ್ಡು ಓದಿ, ಗಾಜನೂರು ಇಲ್ಲೇ ಪಕ್ಕದಲ್ಲಿ ಎಂದು ರಾಜ್‌ಕುಮಾರ್ ಅವರನ್ನು ನೆನೆದು, ಇದು ಚಾಮರಾಜನಗರದ ಇನ್ನೊಂದು ಹೋಬಳಿ ಎಂದುಕೊಳ್ಳುತ್ತೀರಿ. ತಪ್ಪಿಲ್ಲ. ಆದರೆ ನಾವಿರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಜಿಲ್ಲಾ ಕಚೇರಿಗೆ, ದೊಡ್ಡ ಆಸ್ಪತ್ರೆಗೆ ಎಂದು ಕೆಳಗಿಳಿಯಬೇಕಾದರೆ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಹೊಟ್ಟೆಯೊಳಗಿಂದಲೇ ಹೋಗಬೇಕು. 2013ರಲ್ಲಿ ಹುಲಿಗಳಿಗೆಂದು ಘೋಷಿಸಿದ ಈ ಕಾಡು 1,400 ಚದರ ಕಿಲೋಮೀಟರಿಗೂ ಹೆಚ್ಚು. ತಲಮಲೆಯ ರಸ್ತೆ ಹಿಡಿದರೂ ಕಾಡು, ಹಾಸನೂರಿನ ಕಡೆಯ ಹೆದ್ದಾರಿ ಹಿಡಿದರೂ ಕಾಡು, ದಿಂಬಂ ದಾಟಿ ಬಣ್ಣಾರಿಗೆ ಇಳಿಯುವ 27 ತಿರುವುಗಳ ಘಾಟಿಯಂತೂ ಕಾಡೇ. ಚಾಮರಾಜನಗರದಿಂದ ಹೆದ್ದಾರಿಯಲ್ಲಿ ಬಂದರೆ ಪುಣಜನೂರಿನ ಆಚೆಗೂ ಅದೇ ಕಥೆ.

ರಸ್ತೆ ಬದಿಯ ಫಲಕಗಳನ್ನು ತಮಿಳು ಬಾರದ ಹೊಸಬರು ಓದುವುದೇ ಇಲ್ಲ. ನಾಲ್ಕು ಪದ ಕಲಿತರೆ ಸಾಕು. 'ವನ ವಿಲಂಗು' ಎಂದರೆ ಕಾಡುಪ್ರಾಣಿ. 'ಮೆದುವಾಗ' ಎಂದರೆ ನಿಧಾನವಾಗಿ. 'ಕೊಂಡೈ ಊಸಿ ವಳೈವು' ಎಂದರೆ ಮುಡಿಯ ಪಿನ್ನಿನಂತೆ ಬಾಗಿದ ತಿರುವು. 'ಮಾನ್' ಎಂದರೆ ಜಿಂಕೆ, ನಮ್ಮ ಮಾನವಲ್ಲ. ಮಾನ ಹೋದರೆ ಊರು ಬಿಟ್ಟು ಬದುಕಬಹುದು, ಮಾನ್ ಅಡ್ಡ ಬಂದರೆ ಆ ಅವಕಾಶವೂ ಇಲ್ಲ ಎಂದು ಇಲ್ಲಿನ ಲಾರಿಯವರು ತಮಾಷೆ ಮಾಡುತ್ತಾರೆ.

ಈಗ ನನ್ನ ಕಥೆ. ಬಂದ ಮೊದಲ ವರ್ಷ, ಮಾರ್ಚ್ ಇರಬೇಕು. ಸತ್ಯಮಂಗಲದಿಂದ ಬಿಡಿಭಾಗಗಳ ಚೀಲ ಹಿಂದೆ ಕಟ್ಟಿಕೊಂಡು ಬರುತ್ತಿದ್ದೆ. ಸೂರ್ಯ ಮುಳುಗಿದ್ದ, ಕತ್ತಲೆ ಪೂರ್ತಿ ಬಿದ್ದಿರಲಿಲ್ಲ. ದಿಂಬಂ ದಾಟಿದ ಮೇಲೆ ಒಂದು ಹೆಣ್ಣು ಜಿಂಕೆ ಎಡಗಡೆಯಿಂದ ಬಂದು, ರಸ್ತೆಯ ನಡುವೆ ಒಂದು ಕ್ಷಣ ನಿಂತು ನನ್ನನ್ನು ನೋಡಿ, ಬಲಕ್ಕೆ ಹೋಯಿತು. ನಾನು ಆಕ್ಸಿಲರೇಟರ್ ಬಿಟ್ಟಿದ್ದೆ. ಅದು ಪೊದೆಯೊಳಗೆ ಮಾಯವಾಗುವ ಚೆಂದವನ್ನು ತಲೆ ತಿರುಗಿಸಿ ನೋಡಿದೆ, ಮತ್ತೆ ಆಕ್ಸಿಲರೇಟರ್ ಕೊಟ್ಟೆ. ಎಡಗಡೆಯಿಂದ ಬಂದ ಎರಡನೆಯದು ನೇರವಾಗಿ ಮುಂದಿನ ಚಕ್ರಕ್ಕೇ ಬಿತ್ತು. ಭುಜದ ಮೂಳೆ ಮುರಿಯಿತು. ರಸ್ತೆಯಲ್ಲಿ ಅಂಗಾತ ಬಿದ್ದವನ ಕಿವಿಯ ಪಕ್ಕದಲ್ಲೇ ಮೂರನೆಯದು, ನಾಲ್ಕನೆಯದು, ಆಮೇಲೆ ಒಂದು ಮರಿ ಟಪಟಪನೆ ದಾಟಿ ಹೋದವು. ಗೊರಸಿನ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಲಾರಿಯವನೊಬ್ಬ ನಿಲ್ಲಿಸಿ ಎತ್ತಿದ. ಅವನ ಜೊತೆಗಿದ್ದ ಹಾಸನೂರಿನ ಸೋಲಿಗ ಮುದುಕ ದಾರಿಯುದ್ದಕ್ಕೂ ನನ್ನನ್ನೇ ಬೈದ. ಮುಂದೆ ಹೋದದ್ದು ಮುಂದಾಳು, ಅದು ನೋಡಿಕೊಂಡೇ ದಾಟುತ್ತದೆ, ಹಿಂದಿನವು ಅದನ್ನು ನೋಡುತ್ತವೆಯೇ ಹೊರತು ನಿನ್ನನ್ನಲ್ಲ ಎಂದ. ಜಿಂಕೆ ಒಂಟಿಯಾಗಿ ತಿರುಗುವ ಜೀವವಲ್ಲ. ಒಂದು ಕಂಡಿತೆಂದರೆ ಅದು ಬಂದ ದಿಕ್ಕಿನಲ್ಲಿ ಇನ್ನಷ್ಟು ಇವೆ ಎಂದೇ ಲೆಕ್ಕ. ಹೋದ ಜಿಂಕೆಯ ಬೆನ್ನು ನೋಡಬೇಡಿ, ಅದು ಹೊರಬಂದ ಪೊದೆಯನ್ನು ನೋಡಿ. ನಿಲ್ಲಿಸಿ, ಹತ್ತು ಎಣಿಸಿ. ಹಿಂದಿನಿಂದ ವಾಹನ ಬರುತ್ತಿದ್ದರೆ ಇಂಡಿಕೇಟರ್ ಹಾಕಿ ಬದಿಗೆ ಸರಿದು ನಿಲ್ಲಿ.

ಕಡವೆಯ ಲೆಕ್ಕ ಬೇರೆ. ಅದು ಒಂಟಿಯಾಗಿಯೋ ಎರಡು ಮೂರರ ಗುಂಪಿನಲ್ಲೋ ತಿರುಗುತ್ತದೆ, ರಾತ್ರಿಯೇ ಹೆಚ್ಚು. ಮೈಬಣ್ಣ ಕತ್ತಲೆಗೆ ಹೊಂದಿಬಿಡುತ್ತದೆ. ಗಂಡು ಕಡವೆ ಎರಡು ಕ್ವಿಂಟಲ್ ದಾಟುತ್ತದೆ, ನಿಮ್ಮ ನೂರು ಸಿಸಿ ಬೈಕು ಸುಮಾರು ಒಂದು ಕ್ವಿಂಟಲ್ಲು. ಯಾರು ಯಾರಿಗೆ ಡಿಕ್ಕಿ ಹೊಡೆದರು ಎಂಬ ಪ್ರಶ್ನೆಯೇ ಇಲ್ಲ. ಕಾಡುಕುರಿ ಎಂದು ಕರೆಯುವ ಜಿಂಕೆ ಚಿಕ್ಕದು, ನಾಯಿಯಷ್ಟೇ. ಆದರೆ ಚಕ್ರದಡಿ ಸಿಕ್ಕಿದರೆ ಬೀಳಿಸಲು ಅಷ್ಟೇ ಸಾಕು.

ಹೊತ್ತಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಬ್ಯಾಂಕು, ಶಾಲೆ, ಅಂಗಡಿ ಬಿಡುವ ಹೊತ್ತೂ ಜಿಂಕೆ ಮೇಯಲು ಹೊರಡುವ ಹೊತ್ತೂ ಒಂದೇ. ಮುಂಜಾನೆಯ ಮೊದಲ ಗಂಟೆ ಮತ್ತು ಮುಸ್ಸಂಜೆ, ಇವೆರಡರಲ್ಲಿ ಬೈಕು ಬೇಡ ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಬಸ್ಸಿದೆ, ಹತ್ತಿ. ಬೇಸಿಗೆಯಲ್ಲಿ ನೀರಿಗಾಗಿ ಅವು ಮತ್ತೆ ಮತ್ತೆ ರಸ್ತೆ ದಾಟುತ್ತವೆ. ಅದೇ ದಿನಗಳಲ್ಲಿ ಗಂಡು ಜಿಂಕೆಗಳಿಗೆ ಮದ ಬಂದಿರುತ್ತದೆ, ಒಂದನ್ನೊಂದು ಅಟ್ಟಿಕೊಂಡು ಹೋಗುವಾಗ ರಸ್ತೆ ಯಾವುದು, ಕಾಡು ಯಾವುದು ಎಂಬ ಗೊಡವೆ ಅವಕ್ಕಿರುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಇನ್ನೊಂದು ತೊಂದರೆ. ದೂರಕ್ಕೆ ಕಾಣಲೆಂದು ರಸ್ತೆಯ ಇಕ್ಕೆಲದ ಪೊದೆ ಸವರಿರುತ್ತಾರಲ್ಲ, ಅಲ್ಲಿಯೇ ಎಳೆ ಹುಲ್ಲು ಚಿಗುರುತ್ತದೆ. ನಮ್ಮ ಕಣ್ಣಿಗೆಂದು ಮಾಡಿದ ಜಾಗ ಅವುಗಳ ಮೇವಿನ ತಟ್ಟೆಯಾಗುತ್ತದೆ. ಮುಸುವಗಳು ಮರದ ಮೇಲೆ ಕೂತಿದ್ದರೆ ಕೆಳಗೂ ಕಣ್ಣು ಹಾಯಿಸಿ, ಅವು ಉದುರಿಸಿದ ಸೊಪ್ಪಿಗೆ ಜಿಂಕೆ ಬಂದಿರುತ್ತದೆ. ಅದೇ ಮುಸುವ ಒರಟಾಗಿ ಕೆಮ್ಮಿದಂತೆ ಕೂಗುತ್ತಿದ್ದರೆ ಚಿರತೆಯೋ ಹುಲಿಯೋ ಹತ್ತಿರವಿದೆ. ಸೀಳುನಾಯಿಗಳು ಬೆನ್ನು ಹತ್ತಿದಾಗಲಂತೂ ಜಿಂಕೆ ನಿಮ್ಮನ್ನು ನೋಡಿಯೂ ನಿಲ್ಲುವುದಿಲ್ಲ. ಅದಕ್ಕೆ ಹಿಂದಿರುವ ಸಾವು ಗೊತ್ತು, ಮುಂದಿರುವುದು ಗೊತ್ತಿಲ್ಲ.

ಹೆದ್ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣವಿದೆ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಮಧ್ಯೆ ಬಂದ ಮೇಲೆ ಬಣ್ಣಾರಿಗೂ ಗಡಿಯ ಕಾರಪಳ್ಳಂ ಚೆಕ್‌ಪೋಸ್ಟಿಗೂ ನಡುವೆ ಅದು ಬಿಗಿಯಾಯಿತು. ಯಾವ ವಾಹನಕ್ಕೆ ಎಷ್ಟು ಗಂಟೆಯವರೆಗೆ ಎಂಬುದನ್ನು ಹೊರಡುವ ಮೊದಲು ಚೆಕ್‌ಪೋಸ್ಟಿನಲ್ಲೇ ಕೇಳಿಕೊಳ್ಳಿ, ಪಕ್ಕದ ಮನೆಯವರ ಮಾತು ನಂಬಬೇಡಿ. ಗುಂಡ್ಲುಪೇಟೆಯ ಮೇಲೆ ಊಟಿಗೆ ಹೋಗುವವರಿಗೆ ಬಂಡೀಪುರದ ರಾತ್ರಿ 9ರಿಂದ ಬೆಳಗ್ಗೆ 6ರ ನಿಷೇಧ 2009ರಿಂದಲೇ ಇದೆ. ಗೇಟು ಮುಚ್ಚುವ ಮುನ್ನ ದಾಟಿಬಿಡಬೇಕೆಂದು ಎಂಟೂಮುಕ್ಕಾಲಿಗೆ ಓಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ರಾತ್ರಿ ಲಾಡ್ಜಿನಲ್ಲಿ ಮಲಗುವ ಖರ್ಚು ಫೋರ್ಕ್ ಬದಲಾಯಿಸುವ ಖರ್ಚಿಗಿಂತ ಕಡಿಮೆ, ಫೋರ್ಕಿನ ಬೆಲೆ ಹೇಳುವವನು ನಾನೇ ಅಲ್ಲವೇ.

ವೇಗದ ಲೆಕ್ಕ ನೋಡೋಣ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹದಿನಾರೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಕಣ್ಣು ಕಂಡು, ಮನಸ್ಸು ಒಪ್ಪಿ, ಕೈ ಬ್ರೇಕು ಹಿಡಿಯಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ, ಅಷ್ಟರಲ್ಲೇ 25 ಮೀಟರ್ ಹೋಯಿತು. ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೊಂದು 20. ಒಟ್ಟು 45. ಡಿಮ್ ಬೆಳಕು ಚೆನ್ನಾಗಿ ತೋರಿಸುವುದೇ 40 ಮೀಟರಿನ ಆಸುಪಾಸು, ಹಳೆಯ ಬೈಕಿನಲ್ಲಿ ಅದೂ ಇಲ್ಲ. ಅಂದರೆ ಕಂಡ ಜಿಂಕೆಗೆ ಹೊಡೆದೇ ನಿಲ್ಲುತ್ತೀರಿ. 40ರಲ್ಲಿ ಹೊರಟರೆ ಅದೇ ಒಟ್ಟು 26 ಮೀಟರಿಗೆ ಇಳಿಯುತ್ತದೆ. ದಿಂಬಂನ ಮೇಲೆ ಮಂಜು ಕವಿದಾಗ 40 ಕೂಡ ಹೆಚ್ಚು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಕಣ್ಣೆದುರು ಬಿಳಿ ಗೋಡೆ ಎದ್ದು ನಿಲ್ಲುತ್ತದೆ, ಅಷ್ಟೇ.

ಮಂಜಿಲ್ಲದ, ಎದುರು ವಾಹನವಿಲ್ಲದ ನೇರ ದಾರಿಯಲ್ಲಿ ಹೈಬೀಮ್ ಇರಲಿ. ರಸ್ತೆಯ ಅಂಚಿನಲ್ಲಿ ಜೋಡಿ ಮಿಣುಕು ಕಾಣುವುದು ಅದರಿಂದಲೇ. ಜಿಂಕೆಯ ಕಣ್ಣಿನ ಹಿಂಭಾಗದ ಪದರ ಬೆಳಕನ್ನು ತಿರುಗಿ ಎಸೆಯುತ್ತದೆ. ಕಂಡ ಮೇಲೆ ಡಿಮ್ ಮಾಡಿ. ಬೆಳಕು ನೇರವಾಗಿ ಹೊಡೆದರೆ ಅದು ದಿಕ್ಕು ತೋಚದೆ ಅಲ್ಲೇ ನೆಟ್ಟ ಕಂಬವಾಗುತ್ತದೆ, ಇಲ್ಲವೇ ಬೆಳಕಿನ ಕಡೆಗೇ ಹಾರುತ್ತದೆ. ಹಾರನ್ ದೂರದಲ್ಲಿದ್ದಾಗ ಒಂದೇ ಒಂದು ಸಲ. ಹತ್ತಿರದಲ್ಲಿ ಬಾರಿಸಿದರೆ ಗುಂಪು ಚದುರಿ ನಾಲ್ಕು ದಿಕ್ಕಿಗೆ ಓಡುತ್ತದೆ, ಆ ನಾಲ್ಕರಲ್ಲಿ ಒಂದು ದಿಕ್ಕು ನೀವೇ. ಆನೆಯ ಮುಂದಂತೂ ಹಾರನ್ ಮುಟ್ಟಲೇಬೇಡಿ, ಆ ಪಾಠ ಬೇರೆ. ಗಾಳಿಗೆ ಸಿಳ್ಳೆ ಹಾಕಿ ಜಿಂಕೆ ಓಡಿಸುತ್ತದೆಂದು ಬೈಕಿಗೆ ಅಂಟಿಸುವ ಪುಟ್ಟ ಪ್ಲಾಸ್ಟಿಕ್ ಪೀಪಿ ಸಿಗುತ್ತದೆ. ಹೊರದೇಶಗಳಲ್ಲಿ ಪರೀಕ್ಷಿಸಿ ನೋಡಿದವರಿಗೆ ಅದರಿಂದ ಉಪಯೋಗ ಕಂಡಿಲ್ಲ. ದುಡ್ಡು ನನ್ನ ಅಂಗಡಿಗೆ ಬರುವುದಾದರೂ ನಾನು ಅದನ್ನು ಮಾರುವುದಿಲ್ಲ.

ಬ್ರೇಕಿನ ವಿಷಯ. ನಮ್ಮವರಿಗೆ ಮುಂದಿನ ಬ್ರೇಕೆಂದರೆ ಹಾವು ಕಂಡಷ್ಟು ಭಯ. ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಇರುವುದೇ ಅದರಲ್ಲಿ. ಕಾಡಿನ ದಾರಿಯಲ್ಲಿ ಎರಡು ಬೆರಳು ಸದಾ ಅದರ ಮೇಲಿರಲಿ. ಎರಡೂ ಬ್ರೇಕನ್ನು ಹಂತಹಂತವಾಗಿ ಒತ್ತಿ ಹಿಡಿಯಿರಿ, ಹ್ಯಾಂಡಲ್ ನೆಟ್ಟಗಿರಲಿ, ಮೊಣಕಾಲು ಟ್ಯಾಂಕನ್ನು ಅವುಚಿಕೊಂಡಿರಲಿ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರಿಂದ ಎಬಿಎಸ್, ಅಂದರೆ ಬ್ರೇಕು ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ, ಅಂಥದ್ದಿದ್ದರೆ ಧೈರ್ಯವಾಗಿ ಹಿಡಿಯಿರಿ. ಪಕ್ಕಕ್ಕೆ ತಿರುಗಿಸಿ ತಪ್ಪಿಸಿಕೊಳ್ಳುವ ಆಟ ಬೇಡ. ಜಿಂಕೆ ಯಾವ ಕಡೆಗೆ ಹಾರುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ, ನೀವು ತಿರುಗಿದ ಕಡೆ ಲಾರಿಯೋ ಕಣಿವೆಯೋ ಇರುತ್ತದೆ. ನನ್ನ ಅಂಗಡಿಗೆ ಬಂದ ಕೆಟ್ಟ ಬೈಕುಗಳು ಜಿಂಕೆಗೆ ಹೊಡೆದವಲ್ಲ, ಜಿಂಕೆಯನ್ನು ತಪ್ಪಿಸಿ ಮರಕ್ಕೋ ತಡೆಗೋಡೆಗೋ ಹೊಡೆದವು. ಭಾನುವಾರ ಖಾಲಿ ಮೈದಾನ ಹುಡುಕಿ ಹತ್ತು ಸಲ ಬ್ರೇಕು ಹಿಡಿದು ಅಭ್ಯಾಸ ಮಾಡಿ, ನಗುವವರು ನಗಲಿ.

ಹೊಡೆದೇಬಿಟ್ಟಿರೋ? ಮೊದಲು ರಸ್ತೆಯಿಂದ ಆಚೆ ಬನ್ನಿ, ಹಿಂದಿನ ಲಾರಿ ನಿಮ್ಮನ್ನು ನೋಡಿರುವುದಿಲ್ಲ. ಗಾಯವಾಗಿದ್ದರೆ 108, ಬೇರೆ ಸಹಾಯಕ್ಕೆ 112. ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ಮೊದಲು ಬಂದ ಬಸ್ಸಿಗೆ ಕೈ ಅಡ್ಡ ಹಾಕಿ. ಬಿದ್ದ ಜಿಂಕೆಯ ಹತ್ತಿರ ಹೋಗಬೇಡಿ. ಸಾಯುತ್ತಿರುವ ಪ್ರಾಣಿಯ ಒದೆತ, ಕೊಂಬಿನ ತಿವಿತ ಎರಡೂ ಅಪಾಯ, ಅದನ್ನು ಹುಡುಕಿಕೊಂಡು ಬರುವ ಪ್ರಾಣಿ ಇನ್ನೂ ಅಪಾಯ. ಹತ್ತಿರದ ಚೆಕ್‌ಪೋಸ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಿ. ಅಪಘಾತವನ್ನು ಹೇಳಿದವನಿಗಿಂತ ಮುಚ್ಚಿಟ್ಟವನೇ ಹೆಚ್ಚು ಸಿಕ್ಕಿಕೊಳ್ಳುತ್ತಾನೆ. ಸತ್ತ ಜಿಂಕೆಯ ಮಾಂಸವನ್ನಾಗಲಿ ಕೊಂಬನ್ನಾಗಲಿ ಮುಟ್ಟಿದಿರೋ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ನಿಜವಾದ ಅಪರಾಧ. ಬೈಕಿನ ರಿಪೇರಿಗೆ ವಿಮೆ ಸಿಗಬೇಕಾದರೆ ಬರೀ ಥರ್ಡ್ ಪಾರ್ಟಿ ಸಾಲದು, ಸ್ವಂತ ಹಾನಿಗೂ ಪಾಲಿಸಿ ಇರಬೇಕು. ಸ್ಥಳದ ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳಿ.

ಆ ಬ್ಯಾಂಕಿನ ಹುಡುಗನ ಬೈಕು ಬಿಚ್ಚಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಅಂದು ಹಿಂದೆ ಅವನ ಹೆಂಡತಿ, ಅವಳ ತೊಡೆಯ ಮೇಲೆ ಎಲೆಕೋಸಿನ ಚೀಲ. ಹಿಂಭಾಗ ತಗ್ಗಿದರೆ ಮುಂಭಾಗ ಮೇಲೇಳುತ್ತದೆ, ಹೆಡ್‌ಲೈಟಿನ ಬೆಳಕು ಜಿಂಕೆಯ ತಲೆಯ ಮೇಲೆ ಹಾದು ಮರದ ಕೊಂಬೆಗೆ ಬಿದ್ದಿರುತ್ತದೆ. ಹೆಡ್‌ಲೈಟ್ ಗೂಡಿನ ಕೆಳಗಿನ ಒಂದು ಸ್ಕ್ರೂ ತಿರುಗಿಸಿ ಬೆಳಕು ಇಳಿಸಬಹುದು, ಎರಡು ನಿಮಿಷದ ಕೆಲಸ, ಹೊಸಬರಿಂದ ಅದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ. ಕತ್ತಲಾದ ಮೇಲೆ ಎದುರಿನ ಬಿಳಿ ಗೋಡೆಗೆ ಬೆಳಕು ಬಿಟ್ಟು ಸರಿಮಾಡಬೇಕು, ಆದ್ದರಿಂದ ಏಳು ಗಂಟೆಯ ನಂತರ ಬನ್ನಿ. ಹಿಂದೆ ಕೂರುವವರನ್ನೂ ಕರೆದುಕೊಂಡು ಬನ್ನಿ, ಚೀಲದ ಸಮೇತ.